ಮುಸುರೆಯ ಬಾನಿಯಿಂದ ಗೊಬ್ಬರದ ರಾಶಿಗೆ

ಮಲೆನಾಡಿನ ಕೊಟ್ಟಿಗೆಗಳು ತುಂಬಿದ್ದ ಕಾಲದಲ್ಲಿ ಅಡುಗೆಮನೆಯ ಕಸವೆಂಬುದೊಂದು ಸಮಸ್ಯೆಯೇ ಆಗಿರಲಿಲ್ಲ. ಅಕ್ಕಚ್ಚು, ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲವೂ ಮುಸುರೆಯ ಬಾನಿಯ ಮೂಲಕ ದನಕರುಗಳ ಹೊಟ್ಟೆ ಸೇರಿ, ಸಗಣಿಯಾಗಿ, ಸೊಪ್ಪು-ದರಕಿನೊಡನೆ ಬೆರೆತು ತೋಟಕ್ಕೆ ಮರಳುತ್ತಿದ್ದವು. ದನಗಳಿಲ್ಲದ ಮನೆಗಳಲ್ಲಿ ಈಗ ಅದೇ ಕಸ ನೇರವಾಗಿ ಗುಂಡಿಗೆ ಬೀಳುತ್ತಿದೆ. ಅದರೊಡನೆ ಹಾಲಿನ ಪೊಟ್ಟಣದ ಕತ್ತರಿಸಿದ ಮೂಲೆ, ಶಾಂಪೂವಿನ ಖಾಲಿ ಪೊಟ್ಟಣಗಳೂ ಬೀಳುತ್ತಿವೆ. ಅಡಿಕೆಯ ಬುಡದಲ್ಲಿ ಗೊಬ್ಬರವು ಮಣ್ಣಾಗುತ್ತದೆ, ಇವು ಮಾತ್ರ ಹಾಗೆಯೇ ಉಳಿಯುತ್ತವೆ. ಹಿಂದೆ ಬಾನಿಯೇ ಮಾಡಿಸುತ್ತಿದ್ದ ವಿಂಗಡಣೆಯನ್ನು ಇನ್ನು ನಾವೇ ತಿಳಿದು ಮಾಡಬೇಕಾಗಿದೆ.

ತರಕಾರಿ ಮತ್ತು ಹಣ್ಣಿನ ಸಿಪ್ಪೆ, ಕಾಫಿ-ಚಹಾದ ಚರಟ, ಬಾಳೆಎಲೆ, ದೇವರ ಹೂವು ನಿಸ್ಸಂದೇಹವಾಗಿ ಗೊಬ್ಬರಕ್ಕೆ ಯೋಗ್ಯ. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಹಾಕಬೇಕು, ಇಡಿಯಾಗಿ ಹಾಕಿದರೆ ವರ್ಷಗಟ್ಟಲೆ ಕರಗದು. ನಿಂಬೆ, ಕಿತ್ತಳೆ ಸಿಪ್ಪೆಗಳು ರಾಶಿಯಲ್ಲಿ ಕೊಳೆಯುತ್ತವೆ, ಆದರೆ ಎರೆಗೊಬ್ಬರದ ತೊಟ್ಟಿಗೆ ಬೇಡ. ಮೀನು, ಮಾಂಸ, ಎಣ್ಣೆಯ ಪದಾರ್ಥಗಳೂ ಕೊಳೆಯತಕ್ಕವೇ; ಆದರೆ ಮನೆಯ ಸಣ್ಣ ರಾಶಿಗೆ ಅವು ನಾಯಿ, ಹೆಗ್ಗಣ, ಕಾಡುಹಂದಿಗಳನ್ನು ಕರೆತರುತ್ತವೆ. ಗೋಬರ್ ಗ್ಯಾಸ್ ಇರುವವರು ಉಳಿದ ಅನ್ನ-ಸಾರನ್ನು ಸಗಣಿಯೊಡನೆ ಅದಕ್ಕೆ ಹಾಕುವುದು ಲೇಸು.

ಹೆಚ್ಚಿನವರ ಗಮನಕ್ಕೆ ಬಾರದ ಅಪಾಯವೊಂದಿದೆ. ಸಂತೆಯಿಂದ ತಂದ ಶುಂಠಿ, ಆಲೂಗಡ್ಡೆಗಳಲ್ಲಿ ಸೊರಗು ರೋಗದ ಬ್ಯಾಕ್ಟೀರಿಯ ಅಡಗಿರಬಹುದು. ರಾಶಿಯ ಒಳಭಾಗ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೆಯೇ ಇದ್ದರೆ ಇಂಥ ರೋಗಾಣುಗಳು ಬಹುಪಾಲು ನಾಶವಾಗುತ್ತವೆ. ದಿನಕ್ಕೊಂದು ಹಿಡಿ ಕಸ ಬೀಳುವ ಮನೆಯ ರಾಶಿ ಅಷ್ಟು ಬಿಸಿಯೇರುವುದಿಲ್ಲ. ಆದುದರಿಂದ ಕೊಳೆತ ಗೆಡ್ಡೆಗಳನ್ನು ರಾಶಿಗೆ ಸೇರಿಸಬಾರದು. ಅಡುಗೆಮನೆಯ ಗೊಬ್ಬರವನ್ನು ಶುಂಠಿ, ಟೊಮೆಟೊ, ಬದನೆಯ ಮಡಿಗಳಿಗೆ ಕೊಡದೆ ತೆಂಗು, ಬಾಳೆಗಳಿಗೆ ಮೀಸಲಿಡುವುದು ವಿವೇಕ.

ಇನ್ನು ಮಳೆಯ ಮಾತು. ಆಷಾಢದ ಮಳೆಯಲ್ಲಿ ಗುಂಡಿ ಕೆರೆಯಾಗಿ, ಗಾಳಿಯಾಡದೆ ಕಸ ನಾರುತ್ತದೆ, ಸಾರ ಬಸಿದು ಹೋಗುತ್ತದೆ. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡರೂ ಮಳೆಗಾಲಕ್ಕೆ ಗುಂಡಿಯ ಬದಲು ನೆಲದ ಮೇಲಿನ ರಾಶಿಯನ್ನೇ ಹೇಳಿದ್ದರು. ಇಂದೋರಿಗಿಂತ ಎಷ್ಟೋ ಪಾಲು ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ ಇನ್ನೂ ಗುಂಡಿಯನ್ನೇ ತೋಡುತ್ತಿರುವುದು ಆಶ್ಚರ್ಯ! ಸೋಗೆಯ ಮಾಡಿನ ಕೆಳಗೆ ರಾಶಿ ಹಾಕಿದರೆ ಸಾಕು.

ಕೊಳೆಯುವಿಕೆಗೆ ಇಂಗಾಲ-ಸಾರಜನಕದ ಅನುಪಾತ ಸುಮಾರು 30:1 ಇರುವುದು ಒಳ್ಳೆಯದು. ತರಕಾರಿ ಸಿಪ್ಪೆಯಲ್ಲಿ ಇಂಗಾಲದ ಪಾಲು ಇದಕ್ಕಿಂತ ಕಡಿಮೆ, ಒಣ ಎಲೆಯಲ್ಲಿ ಹೆಚ್ಚು. ಒಂದು ಬುಟ್ಟಿ ಸಿಪ್ಪೆಗೆ ಎರಡು ಬುಟ್ಟಿ ಒಣ ಎಲೆ ಮುಚ್ಚುತ್ತ ಬಂದರೆ ವಾಸನೆಯೂ ಇಲ್ಲ, ನೊಣವೂ ಇಲ್ಲ. ಇದಕ್ಕೆಂದು ಸೊಪ್ಪಿನ ಬೆಟ್ಟದ ದರಕನ್ನು ಗುಡಿಸಿ ತರಬೇಕಾಗಿಲ್ಲ. ಹಿತ್ತಿಲಿನ ಹಲಸು, ಮಾವುಗಳು ಬೇಸಗೆಯಲ್ಲಿ ಉದುರಿಸುವ ಎಲೆಯನ್ನು ಸುಡದೆ ಚೀಲಗಳಲ್ಲಿ ತುಂಬಿಟ್ಟುಕೊಂಡರೆ ಮಳೆಗಾಲವಿಡೀ ಬರುತ್ತದೆ.