ಒಬ್ಬರಿಗೊಂದು ಲಾಗಿನ್, ಒಬ್ಬರಿಗೊಂದು ಹೊಣೆ

ತಿಜೋರಿಯ ಕೀಲಿಯನ್ನು ಬಾಗಿಲಿಗೆ ತೂಗುಹಾಕಿ ಮನೆಗೆ ಹೋಗುವ ವ್ಯಾಪಾರಿ ಕರೋಶಿಯಲ್ಲಾಗಲಿ, ಚಿಕ್ಕೋಡಿ ಪೇಟೆಯಲ್ಲಾಗಲಿ ಸಿಗಲಾರನು. ಆದರೆ ದಾಸ್ತಾನು, ಉದ್ರಿ, ತೆರಿಗೆ ಲೆಕ್ಕಗಳೆಲ್ಲ ಅಡಗಿರುವ ಕಂಪ್ಯೂಟರಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿ, ದಿವಾಣಜಿಯಿಂದ ಗೋದಾಮಿನ ಹುಡುಗನವರೆಗೆ ಎಲ್ಲರೂ ಅದರಿಂದಲೇ ಒಳಹೋಗುವ ರೂಢಿ ನಮ್ಮಲ್ಲಿದೆ. ಇದರ ದೊಡ್ಡ ಹಾನಿ ಕಳವಲ್ಲ, ಸಂಶಯ. ಒಂದು ಕಡತ ಅಳಿಸಿಹೋದರೆ ಅಳಿಸಿದವರು ಯಾರೆಂಬುದಕ್ಕೆ ಆಧಾರವಿಲ್ಲದೆ, ಪ್ರಾಮಾಣಿಕ ನೌಕರನೂ ಆರೋಪಕ್ಕೆ ಗುರಿಯಾಗುತ್ತಾನೆ.

ನಮ್ಮ ರಾಜ್ಯವು ಈ ಸಮಸ್ಯೆಗೆ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲಿಯೇ, ದಾಖಲೆ ತಿದ್ದುವ ನೌಕರರು ಬೆರಳಚ್ಚು ನೀಡಿ ಲಾಗಿನ್ ಆಗುವ ವ್ಯವಸ್ಥೆಯಿತ್ತು. ‘ಇದನ್ನು ಮಾಡಿದವನು ನಾನಲ್ಲ’ ಎನ್ನಲು ಎಡೆಯಿರಬಾರದೆಂಬುದೇ ಅದರ ಉದ್ದೇಶ. ಇ-ವೇ ಬಿಲ್ ಜಾಲತಾಣವೂ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡಿನ ಜೊತೆಗೆ ಓಟಿಪಿಯನ್ನು ಕಡ್ಡಾಯಗೊಳಿಸಿದೆ.

ಲಿನಕ್ಸ್ ಸರ್ವರ್ ಇರಿಸಿಕೊಂಡವರಿಗೆ ಇಂಥ ಶಿಸ್ತು ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಯುನಿಕ್ಸ್ ಬೆಳೆದುದೇ ಹಲವರು ಒಂದು ಯಂತ್ರವನ್ನು ಹಂಚಿಕೊಳ್ಳುವ ವಾತಾವರಣದಲ್ಲಿ. ಅದರ ‘ಶ್ಯಾಡೋ’ ಕಡತದಲ್ಲಿ ಪಾಸ್‌ವರ್ಡು ಮೂಲರೂಪದಲ್ಲಿ ಇರುವುದಿಲ್ಲ. ಮರಳಿ ಬಿಡಿಸಲಾಗದ ರೂಪದಲ್ಲಿರುವ ಕಾರಣ ಯಜಮಾನನೂ ಅದನ್ನು ಓದಲಾರನು. ಲಾಗಿನ್ ನಿಯಮಗಳನ್ನು ‘ಪ್ಯಾಮ್’ ಎಂಬ ಪದರದಲ್ಲಿ ನಿಗದಿಪಡಿಸಬಹುದು.

ಮಾಡಬೇಕಾದುದು ಇಷ್ಟು: ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆಯಿರಿ. ‘ರೂಟ್’ ಹೆಸರಿನಲ್ಲಿ ನೇರ ಪ್ರವೇಶ ನಿಲ್ಲಿಸಿ, ಅಗತ್ಯವಿದ್ದವರಿಗೆ ಮಾತ್ರ ‘ಸುಡೋ’ ಅಧಿಕಾರ ಕೊಡಿ. ಅದನ್ನು ಬಳಸಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಐದು ಬಾರಿ ತಪ್ಪಿದರೆ ಖಾತೆ ಕೆಲಕಾಲ ಮುಚ್ಚುವಂತೆ ಮಾಡಿಸಿ. ಪ್ಯಾಮ್ ಬದಲಿಸುವಾಗ ರೂಟ್ ಆಗಿ ಇನ್ನೊಂದು ಕಿಟಕಿಯನ್ನು ತೆರೆದೇ ಇಡಲು ತಂತ್ರಜ್ಞನಿಗೆ ಹೇಳಿ; ಒಂದು ಸಾಲು ತಪ್ಪಿದರೂ ಯಾರೂ ಒಳಹೋಗಲಾಗದ ಸ್ಥಿತಿ ಬಂದೀತು.

ಎಲ್ಲಕ್ಕಿಂತ ಮುಖ್ಯವಾದುದು, ನೌಕರನು ಕೆಲಸ ಬಿಟ್ಟ ದಿನವೇ ಅವನ ಖಾತೆಯನ್ನು ಮುಚ್ಚುವುದು. ಪಾಸ್‌ವರ್ಡನ್ನು ಮಾತ್ರ ತಡೆದರೆ ಸಾಲದು. ‘ಎಸ್‌ಎಸ್‌ಎಚ್ ಕೀ’ ಇದ್ದವನು ಪಾಸ್‌ವರ್ಡಿಲ್ಲದೆಯೂ ದೂರದಿಂದ ಒಳಬರಬಲ್ಲನು. ಆದ್ದರಿಂದ ಕೀಯನ್ನು ತೆಗೆಸಿ, ಖಾತೆಯ ಅವಧಿಯನ್ನೇ ಮುಗಿಸಬೇಕು.

ನಾಲ್ಕು ಜನರ ಅಂಗಡಿಗೆ ಇದೆಲ್ಲ ಏಕೆಂದು ಕೆಲವರು ಕೇಳಬಹುದು. ನಾಲ್ವರಲ್ಲಿ ಒಬ್ಬರ ತಪ್ಪಿಗೆ ಉಳಿದ ಮೂವರು ತಲೆತಗ್ಗಿಸಬಾರದೆಂಬುದೇ ಅದಕ್ಕೆ ಉತ್ತರ. ಪ್ರತ್ಯೇಕ ಲಾಗಿನ್ ನೌಕರನ ಮೇಲಿನ ಅವಿಶ್ವಾಸವಲ್ಲ, ಅವನಿಗೆ ನಾವು ಕೊಡುವ ರಕ್ಷಣೆ. ವ್ಯಾಪಾರಿ ಬಂಧುಗಳು ಈ ತಿಂಗಳಲ್ಲಿಯೇ ಇದಕ್ಕಾಗಿ ಸ್ವಲ್ಪ ಸಮಯ ಮೀಸಲಿಡಲಿ.