ಗಣಕಯಂತ್ರದ ನಿಧಾನಕ್ಕೆ ಮದ್ದು

‘ನಿಧಾನವೇ ಪ್ರಧಾನ’ವೆಂದು ಹೇಳಿದ ಹಿರಿಯರು ನಮ್ಮ ಕಾಲೇಜಿನ ಗಣಕಯಂತ್ರಗಳನ್ನು ಕಂಡವರಲ್ಲ. ಗುಂಡಿಯೊತ್ತಿ ಕುಳಿತರೆ, ಪರದೆಯ ಮೇಲಿನ ಚುಕ್ಕಿಗಳು ಹರಕೆ ಹೊತ್ತವರಂತೆ ಪ್ರದಕ್ಷಿಣೆ ಹಾಕುತ್ತಲೇ ಇರುತ್ತವೆ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವ ಕೊನೆಯ ದಿನ ನಾನು ಗಡಿಯಾರ ನೋಡಿದೆ. ಯಂತ್ರವು ಕೆಲಸಕ್ಕೆ ಸಿದ್ಧವಾಗಲು ಒಂಬತ್ತು ನಿಮಿಷ ಹಿಡಿಯಿತು. ಮೊಬೈಲಿನಲ್ಲಿ ದಾಖಲೆಗಳನ್ನು ಏರಿಸಲು ಹೆಣಗಿ ಸೋತ ಮೇಲೆಯೇ ನಾವು ಅಲ್ಲಿಗೆ ಬಂದಿದ್ದೆವು. ನನ್ನ ಪಕ್ಕದಲ್ಲಿದ್ದ ಸಹಪಾಠಿಯ ಊರಿಗೆ ಸಂಜೆ ಇರುವುದು ಒಂದೇ ಬಸ್ಸು. ಅರ್ಜಿ ಅರ್ಧದಲ್ಲಿರುವಾಗಲೇ ಆಕೆ ಎದ್ದು ಓಡಬೇಕಾಯಿತು. ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಉಳ್ಳವರಿಗೆ ಒಂಬತ್ತು ನಿಮಿಷವೆಂದರೆ ಬರಿಯ ಬೇಸರ. ಆಕೆಗೆ ಅದು ಒಂದು ವರ್ಷದ ವಿದ್ಯಾರ್ಥಿವೇತನ.

ಇದಕ್ಕೆ ಪರಿಹಾರವೇನು? ‘ಹೊಸ ಯಂತ್ರಗಳನ್ನು ತರಿಸಬೇಕು’ ಎಂಬುದು ಎಲ್ಲರ ಮಾತು. ನಾನೂ ಹಾಗೆಯೇ ನಂಬಿದ್ದೆ. ಅಷ್ಟರಲ್ಲಿ ನಾನು ಕೊಂಡಿದ್ದ ಹಳೆಯ ಲ್ಯಾಪ್‌ಟಾಪಿಗೂ ಇದೇ ಜಾಡ್ಯ ಹಿಡಿಯಿತು. ಅದನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತೇನೆಂದಾಗ, ಕಂಪ್ಯೂಟರಿನ ಮುಂದೆ ಒಂದು ದಿನವೂ ಕೂತಿಲ್ಲದ ನನ್ನ ತಂದೆ ಕೇಳಿದರು: “ಎತ್ತು ಕುಂಟ್ತಾ ಇದ್ರೆ ಸಂತೆಗೆ ಹೊಡ್ಕೊಂಡು ಹೋಗೋಕೆ ಮುಂಚೆ ಕಾಲೆತ್ತಿ ಗೊರಸು ನೋಡ್ತೀವಿ ಕಣಪ್ಪ. ಮುಳ್ಳಿದ್ರೆ ಕಿತ್ರಾಯ್ತು. ನಿನ್ನ ಮಿಷನ್ನಿಗೆ ಮುಳ್ಳು ಎಲ್ಲಿ ಚುಚ್ಚಿದೆ ಅಂತ ನೋಡ್ದೆಯಾ?”

ನಾನು ನೋಡಿರಲಿಲ್ಲ. ಮೂರು ವರ್ಷ ಬಿ.ಎ. ಓದಿದವನಿಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆದಿತ್ತು.

ನೋಡಿದಾಗ ಮುಳ್ಳು ಸಿಕ್ಕಿದ್ದು ಹಾರ್ಡ್ ಡಿಸ್ಕಿನಲ್ಲಿ. ಅಮೆರಿಕದ ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದುವು; ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿದೆ. ಆದರೂ ಮೂಲ ತತ್ತ್ವ ಬದಲಾಗಿಲ್ಲ. ತಟ್ಟೆ ತಿರುಗಬೇಕು, ಸಣ್ಣ ಕೈಯೊಂದು ಸರಿದು ಬೇಕಾದ ಜಾಗಕ್ಕೆ ಬರಬೇಕು. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಬೇಕು. ಇದು ಅಲ್ಪವೆಂದು ತೋರಬಹುದು. ಆದರೆ ಯಂತ್ರವು ಏಳುವಾಗ ಅಲ್ಲಲ್ಲಿ ಚೆದುರಿರುವ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುತ್ತದೆ. ಗ್ರಂಥಾಲಯದಲ್ಲಿ ಒಂದೊಂದು ಚೀಟಿಗೂ ಅಟೆಂಡರರು ಒಂದೊಂದು ಕಪಾಟಿಗೆ ಹೋಗಿಬರುವುದನ್ನು ಊಹಿಸಿಕೊಳ್ಳಿ. ಹೀಗೆ ಓಡಾಡುತ್ತ ಸೆಕೆಂಡಿಗೆ ನೂರು ಚೂರುಗಳನ್ನು ತರುವುದೂ ಅದಕ್ಕೆ ಕಷ್ಟ.

ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕ ಎಂಬ ಎಂಜಿನಿಯರರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಜೀವಾಳ. ಕೇಳಿದ್ದನ್ನು ಅದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಒದಗಿಸುತ್ತದೆ.

ಹಾಗೆಂದು ಎಲ್ಲ ನಿಧಾನಕ್ಕೂ ಇದೇ ಮದ್ದೆಂದು ನಾನು ಹೇಳುವುದಿಲ್ಲ. ಯಂತ್ರ ತೆವಳುತ್ತಿರುವಾಗ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ಪ್ರೊಸೆಸರು ಸುಮ್ಮನಿದ್ದು ಡಿಸ್ಕು ಮಾತ್ರ ನೂರಕ್ಕೆ ನೂರು ದುಡಿಯುತ್ತಿದ್ದರೆ ದೋಷ ಡಿಸ್ಕಿನದೆಂದು ತಿಳಿಯಬಹುದು. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಮೊದಲು ಅದನ್ನು ಹೆಚ್ಚಿಸಬೇಕು. ಯಂತ್ರದ ಜೊತೆಗೆ ತಾವೂ ಎದ್ದು ಕೂರುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸುವುದಕ್ಕಂತೂ ಕಾಸಿನ ಖರ್ಚಿಲ್ಲ.

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ನಮ್ಮನ್ನು ಮರುಳುಮಾಡುವುದು ಡಬ್ಬಿಯ ಮೇಲಿನ ಅಂಕಿಗಳು. ಸಾಟಾ ಬಗೆಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ, ಎನ್.ವಿ.ಎಂ.ಇ. ಬಗೆಯದು 3,500 ಅಥವಾ ಅದಕ್ಕೂ ಹೆಚ್ಚು ಓದುತ್ತದೆ. ಆದರೆ ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಎರಡನೆಯದನ್ನು ಕೂರಿಸುವ ಜಾಗವೇ ಇರುವುದಿಲ್ಲ. ಜಾಗವಿದ್ದರೂ ಅದು ಯಾವ ಬಗೆಯದನ್ನು ಒಪ್ಪುತ್ತದೆಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. ಆ ದೊಡ್ಡ ಅಂಕಿಗಳು ಭಾರಿ ಕಡತಗಳನ್ನು ಸಾಗಿಸುವವರಿಗೆ ಪ್ರಯೋಜನಕರ; ಯಂತ್ರ ಏಳುವ ವೇಳೆಯಲ್ಲಿ ಈ ಎರಡರ ನಡುವೆ ಕಾಣುವ ಅಂತರ ಸ್ವಲ್ಪವೇ. ನಿಜವಾದ ಅಂತರವಿರುವುದು ತಿರುಗುವ ತಟ್ಟೆಗೂ ಯಾವುದೇ ಒಳ್ಳೆಯ ಎಸ್.ಎಸ್.ಡಿ.ಗೂ ನಡುವೆ. ಆದ್ದರಿಂದ ಹಳೆಯ ಡಿಸ್ಕಿನ ಜಾಗದಲ್ಲೇ ಕೂರುವ ಎರಡೂವರೆ ಅಂಗುಲದ, 240 ಅಥವಾ 256 ಗಿಗಾಬೈಟಿನ ಸಾಟಾ ಡ್ರೈವು ವಿದ್ಯಾರ್ಥಿಗೆ ಸಾಕೆಂಬುದು ನನ್ನ ಅಭಿಮತ. ಅಂಕಿಗಳಿಗಿಂತ ಖಾತರಿಯ ಅವಧಿಯನ್ನು ನೋಡುವುದು ಲೇಸು. ಬರೆದು ಬರೆದು ಬೇಗ ಸವೆದೀತೆಂಬ ಭಯವೂ ಬೇಡ: 80 ಟೆರಾಬೈಟ್ ಬರೆಯಬಹುದೆಂದು ನಮೂದಿಸಿದ ಡ್ರೈವಿಗೆ ದಿನಕ್ಕೆ 20 ಗಿಗಾಬೈಟ್ ಬರೆದರೂ ಸುಮಾರು ಹನ್ನೊಂದು ವರ್ಷ ಬೇಕು. ಅತಿ ಅಗ್ಗದ, ಹೆಸರು ಕೇಳದ ಸರಕಿನಿಂದ ಮಾತ್ರ ದೂರವಿರಬೇಕು. ಡಿಸ್ಕನ್ನು ಬಿಚ್ಚುವ ಮೊದಲು ನಮ್ಮ ಬರಹಗಳನ್ನು ಬೇರೆಡೆ ಪ್ರತಿ ಮಾಡಿಡಬೇಕೆಂಬುದನ್ನು ಮರೆಯಲಾಗದು.

ನನ್ನ ಲ್ಯಾಪ್‌ಟಾಪು ಏಳಲು ಆರು ನಿಮಿಷ ಹಿಡಿಯುತ್ತಿತ್ತು. ಈಗ ಅರ್ಧ ನಿಮಿಷವೂ ಬೇಡ. ಈ ಲೇಖನ ಬರೆದದ್ದೂ ಅದರಲ್ಲೇ.

‘ಹಳೆಯ ಯಂತ್ರಕ್ಕೇಕೆ ಹಣ ಸುರಿಯಬೇಕು? ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವೇ 2025ರ ಅಕ್ಟೋಬರ್ 14ರಂದು ಮುಗಿಯಿತಲ್ಲ’ ಎಂದು ಗೆಳೆಯನೊಬ್ಬ ವಾದಿಸಿದ. ಅವನ ಮಾತಿನಲ್ಲಿ ಹುರುಳಿದೆ. ಆದರೆ ವಿಂಡೋಸ್ 11ನ್ನು ಒಪ್ಪದ ಯಂತ್ರದಲ್ಲಿ ಉಚಿತವಾಗಿ ದೊರೆಯುವ ಲಿನಕ್ಸನ್ನು ನಡೆಸಬಹುದು. ಅಲ್ಲದೆ ಯಂತ್ರ ಕೆಟ್ಟರೂ ಎಸ್.ಎಸ್.ಡಿ.ಯನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಹಾಕಿದ ಹಣ ನೀರಿನಲ್ಲಿ ಹೋಮವಾಗುವುದಿಲ್ಲ.

ಆದಕಾರಣ ಗುರುಗಳಲ್ಲಿ ನನ್ನದೊಂದು ವಿನಂತಿ. ಹೊಸ ಯಂತ್ರಗಳು ಬರುವಾಗ ಬರಲಿ. ಅಲ್ಲಿಯವರೆಗೆ ಪ್ರಯೋಗಾಲಯದ ಒಂದೇ ಒಂದು ಯಂತ್ರದ ಡಿಸ್ಕನ್ನು ಬದಲಿಸಿ, ಗಡಿಯಾರ ಹಿಡಿದು ಅಳೆದು ನೋಡೋಣ. ಫಲ ಕಂಡರೆ ಉಳಿದವನ್ನೂ ಬದಲಿಸೋಣ. ‘ಇದು ವಿಜ್ಞಾನದವರ ಕೆಲಸ, ಕಲಾ ವಿಭಾಗದ ನಮಗೇಕೆ?’ ಎಂದು ಮಿತ್ರರು ಕೈಕಟ್ಟಿ ಕೂರಬಾರದು. ಆ ಯಂತ್ರಗಳ ಮುಂದೆ ಕಾಯುವವರು ನಾವೇ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಾನು ಕಾಲೇಜನ್ನು ಬಿಟ್ಟಿರುತ್ತೇನೆ. ಆದರೆ ಅರ್ಜಿಯ ಕೊನೆಯ ದಿನ ಮುಂದಿನ ವರ್ಷವೂ ಬರುತ್ತದೆ. ಸಂಜೆಯ ಬಸ್ಸಿಗೆ ಓಡಬೇಕಾದವರೊಬ್ಬರು ಆಗಲೂ ಆ ಚುಕ್ಕಿಗಳನ್ನು ನೋಡುತ್ತ ಕುಳಿತಿರುತ್ತಾರೆ.