ಎರಡು ಕಂಪನಿ ಸಂಬಳ, ಟಿಡಿಎಸ್ ಸೊನ್ನೆ: ಖುಷಿ ಪಡೋ ಮೊದಲು ಈ ಲೆಕ್ಕ ನೋಡಿ

ತಿಪಟೂರು: ನನ್ನ ಜೊತೆ ಪಿಯುಸಿ ಓದಿದ ಗೆಳೆಯನೊಬ್ಬ ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡ್ತಾನೆ. ಅಕ್ಟೋಬರ್‌ನಲ್ಲಿ ಕಂಪನಿ ಬದಲಾಯಿಸಿದ. ಹಳೇ ಕಡೆ ತಿಂಗಳಿಗೆ 90 ಸಾವಿರ, ಹೊಸ ಕಡೆ 1.40 ಲಕ್ಷ. "ಎರಡು ಕಡೆನೂ ಒಂದು ರೂಪಾಯಿ ಟ್ಯಾಕ್ಸ್ ಕಟ್ ಆಗಿಲ್ಲ ಕಣೋ" ಅಂತ ಖುಷಿಯಲ್ಲಿದ್ದ. ಮೊನ್ನೆ ಆಡಿಟರ್ ಲೆಕ್ಕ ಹಾಕಿ ಕೊಟ್ಟಾಗ ಮುಖ ಸಣ್ಣಗಾಯ್ತು.

2025-26ರಲ್ಲಿ ಹೊಸ ಪದ್ಧತಿಯಡಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಹಳೇ ಕಂಪನಿ ವರ್ಷಕ್ಕೆ 10.80 ಲಕ್ಷ ಅಂತ ಅಂದಾಜು ಮಾಡಿ ಬಿಟ್ಟಿತು. ಹೊಸ ಕಂಪನಿಗೆ ಕಂಡಿದ್ದು ಆರು ತಿಂಗಳ 8.40 ಲಕ್ಷ ಮಾತ್ರ, ಅದೂ ಬಿಟ್ಟಿತು. ವಿನಾಯಿತಿ ಒಬ್ಬರಿಗೆ ಒಂದೇ ಸಲ, ಇಲ್ಲಿ ಎರಡು ಕಡೆ ಸಿಕ್ಕಿಬಿಟ್ಟಿದೆ. ಇದರಲ್ಲಿ ಕಂಪನಿಯವರದ್ದೇನೂ ತಪ್ಪಿಲ್ಲ, ಇವನು ಹೇಳಿಲ್ಲ ಅಷ್ಟೇ.

ಒಟ್ಟು ಸಂಬಳ 13.80 ಲಕ್ಷ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.05 ಲಕ್ಷ. ಸೆಸ್ ಸೇರಿ ತೆರಿಗೆ 78,780 ರೂಪಾಯಿ. ಸುಮ್ಮನಿದ್ದು ಜುಲೈನಲ್ಲಿ ರಿಟರ್ನ್ ಹಾಕುವಾಗ ಕಟ್ಟಿದರೆ ಮೇಲೆ ಸುಮಾರು 7 ಸಾವಿರ ಬಡ್ಡಿ. ಮುಚ್ಚಿಡೋಣ ಅಂದ್ರೆ ಆಗಲ್ಲ, ಎರಡೂ ಸಂಬಳ ಒಂದೇ ಪ್ಯಾನ್‌ನಲ್ಲಿ ಇಲಾಖೆಗೆ ಕಾಣುತ್ತೆ.

ದಾರಿ ಇದೆ. ಹಳೇ ಸಂಬಳದ ವಿವರವನ್ನು ಫಾರ್ಮ್ 12ಬಿಯಲ್ಲಿ ತುಂಬಿ ಹೊಸ ಕಂಪನಿಗೆ ಕೊಡಬೇಕು. ಉಳಿದ ತಿಂಗಳ ಸಂಬಳದಲ್ಲಿ ಅವರೇ ಹಿಡಿದು ಕಟ್ಟುತ್ತಾರೆ. ಹಳೇ ಕಂಪನಿಯ ಫಾರ್ಮ್ 16 ಬರಲಿ ಅಂತ ಕಾಯಬೇಡಿ, ಅದು ಬರೋದು ಜೂನ್‌ಗೆ. ಪೇ ಸ್ಲಿಪ್ ಸಾಕು. ಒಂದೇ ಹೊತ್ತಲ್ಲಿ ಎರಡು ಕಡೆ ದುಡಿಯುವವರೂ ಒಂದು ಕಡೆ ಇದನ್ನೇ ಕೊಡಬಹುದು. ಗೆಳೆಯ ಕೊಟ್ಟಿದ್ದಾನೆ, ಫೆಬ್ರವರಿ, ಮಾರ್ಚ್ ಎರಡು ತಿಂಗಳೂ 39 ಸಾವಿರ ಚಿಲ್ಲರೆ ಕಟ್. ಯುಗಾದಿಗೆ ಬೈಕ್ ಅಂತಿದ್ದ, ಈಗ ಆ ಮಾತೇ ಎತ್ತಲ್ಲ.

ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಸಂಬಳ ಕೂಡಿಸ್ತಾರಾ ಅಂತ ಹಲವರು ಕೇಳ್ತಾರೆ. ಇಲ್ಲ, ನಮ್ಮಲ್ಲಿ ಅವರವರ ಪ್ಯಾನ್, ಅವರವರ ಲೆಕ್ಕ. ಮಗ-ಸೊಸೆ ಅಮೆರಿಕದಲ್ಲಿದ್ದರೆ ಬೇರೆ ಕಥೆ. ಅಲ್ಲಿ ದಂಪತಿ ಒಟ್ಟಿಗೆ ರಿಟರ್ನ್ ಹಾಕೋದು ಸಾಮಾನ್ಯ, ಹಾಗಾಗಿ ಕಂಪನಿಗೆ ಕೊಡುವ ಡಬ್ಲ್ಯೂ-4 ಫಾರ್ಮ್‌ನಲ್ಲಿ ಇಬ್ಬರ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಳಿಗ್ಗೆ ಖಾಸಗಿ ಶಾಲೆ, ಸಂಜೆ ಸ್ವಂತ ಅಂಗಡಿ ಅನ್ನೋರು ನಮ್ಮಲ್ಲಿ ಕಮ್ಮಿ ಏನಿಲ್ಲ. ಅಂಗಡಿ ಲಾಭ, ಎಫ್‌ಡಿ ಬಡ್ಡಿ, ಬಾಡಿಗೆ ಎಲ್ಲಾ ಸಂಬಳದ ಜೊತೆ ಸೇರುತ್ತೆ. ಎಲ್ಲಾ ಸೇರಿಯೂ 12 ಲಕ್ಷದೊಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಾಟಿ, ಟಿಡಿಎಸ್ ಕಳೆದ ಮೇಲೂ 10 ಸಾವಿರ ಅಥವಾ ಹೆಚ್ಚು ತೆರಿಗೆ ಉಳಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. ಕೊನೇ ಕಂತು ಮಾರ್ಚ್ 15. ಈ ಸಲ ಅದು ಭಾನುವಾರ, ಹಿಂದಿನ ದಿನ ಎರಡನೇ ಶನಿವಾರ. ಆನ್‌ಲೈನ್ ಬರದೆ ಬ್ಯಾಂಕ್ ಕೌಂಟರ್‌ಗೇ ಹೋಗೋರು ಶುಕ್ರವಾರದೊಳಗೆ ಮುಗಿಸಿಕೊಳ್ಳಿ.